ಜೋಗಕ್ಕೆ ಮೂವತ್ತು ಕಿಲೋಮೀಟರು

ಕೆಲವು ಊರುಗಳ ಹಣೆಬರಹವೇ ಹಾಗೆ. ಅಲ್ಲಿ ಬಸ್ಸಿಳಿದವರು ಕೇಳುವ ಮೊದಲ ಪ್ರಶ್ನೆ ಇನ್ನೊಂದು ಊರಿನದಾಗಿರುತ್ತದೆ. ಶಿವಮೊಗ್ಗ ಜಿಲ್ಲೆಯ ಸಾಗರದಲ್ಲಿ ಆಟೋದವರಿಗೂ ಬೀಡಾ ಅಂಗಡಿಯವರಿಗೂ ಹೂ ಕಟ್ಟುತ್ತ ಕೂತ ಅಮ್ಮನಿಗೂ ಬಾಯಿಪಾಠವಾಗಿರುವ ಉತ್ತರ ಒಂದೇ: "ಜೋಗ ಮೂವತ್ತು ಕಿಲೋಮೀಟರು ಮಾರಾಯ್ರೆ, ತಾಳಗುಪ್ಪದ ಮೇಲೆ ಸೀದಾ ಹೋಗಿ." ಕೇಳಿದವರು ಸೀದಾ ಹೋಗುತ್ತಾರೆ. ಹೂ ಕಟ್ಟುವ ಕೈ ನಿಂತಿರುವುದೇ ಇಲ್ಲ.

ಊರಿನ ಮುಖ್ಯ ರಸ್ತೆಗಾದರೂ ಸ್ವಂತದ್ದೊಂದು ಹೆಸರಿದೆಯೇ ಎಂದರೆ ಅದೂ ಇಲ್ಲ. ಬಿ.ಎಚ್. ರಸ್ತೆ. ಬಿ ಅಂದರೆ ಬೆಂಗಳೂರು, ಎಚ್ ಅಂದರೆ ಹೊನ್ನಾವರ. ಹೊರಡುವ ಊರಿನ ಹೆಸರೂ ಇದೆ, ಮುಟ್ಟುವ ಊರಿನ ಹೆಸರೂ ಇದೆ. ನಡುವೆ ಚಹಾ ಕೊಡುವ ಊರಿನದು ಮಾತ್ರ ಇಲ್ಲ. ಮಧ್ಯಪ್ರದೇಶದಲ್ಲೂ ಒಂದು ಸಾಗರ ಇರುವುದರಿಂದ ರೈಲು ನಿಲ್ದಾಣಕ್ಕೆ ಬರೀ 'ಸಾಗರ' ಎನ್ನುವ ಭಾಗ್ಯವೂ ಸಿಗದೆ 'ಸಾಗರ ಜಂಬಗಾರು' ಆಗಿದೆ. ಇನ್ನು ಹೆಸರು ಕೇಳಿ ಸಮುದ್ರ ಹುಡುಕಿಕೊಂಡು ಬಂದವರಿಗೆ ಸಿಗುವುದು ಒಂದು ಕೆರೆ. ಹದಿನಾರನೇ ಶತಮಾನದಲ್ಲಿ ಕೆಳದಿಯ ಸದಾಶಿವ ನಾಯಕ ಕೆಳದಿಗೂ ಇಕ್ಕೇರಿಗೂ ನಡುವೆ ಕಟ್ಟಿಸಿದ 'ಸದಾಶಿವ ಸಾಗರ'. ಕೆರೆಯ ಹೆಸರನ್ನು ಊರು ಎತ್ತಿಕೊಂಡಿತು. ಹೆಸರು ಕಳೆದುಕೊಂಡ ಕೆರೆ ದಡದ ಮಹಾಗಣಪತಿಯನ್ನು ಆಶ್ರಯಿಸಿ ಗಣಪತಿ ಕೆರೆಯಾಯಿತು.

ಪ್ರವಾಸಿ ಸ್ಥಳದ ಪಕ್ಕದ ಊರು ತನ್ನತನ ಉಳಿಸಿಕೊಂಡಿದೆಯೋ ಇಲ್ಲವೋ ತಿಳಿಯಲು ಅಂಗಡಿ ಸಾಲಿನಲ್ಲಿ ಒಮ್ಮೆ ನಡೆದರೆ ಸಾಕು. ಜೋಗದ ಗೇಟಿನ ಬಳಿ ಟೋಪಿ, ಕೀಚೈನು, ಒಂದೇ ಮಳೆಗೆ ಹರಿಯುವ ಪ್ಲಾಸ್ಟಿಕ್ ರೇನ್‌ಕೋಟು, ಉಪ್ಪುಖಾರ ಸವರಿದ ಅನಾನಸ್ ಹೋಳು, ಸುಟ್ಟ ಜೋಳ. ಅಲ್ಲಿಯ ಖಾಯಂ ನಿವಾಸಿ ಇವುಗಳಲ್ಲಿ ಒಂದನ್ನೂ ಕೊಳ್ಳುವುದಿಲ್ಲ. ಸಾಗರದ ಪೇಟೆಯಲ್ಲಿ ಇದು ತಿರುಗುಮುರುಗು. ಮೈಲುತುತ್ತದ ಚೀಲ, ಸುಣ್ಣದ ಡಬ್ಬ, ಅಡಿಕೆ ಸುಲಿಯುವ ಮೆಟ್ಟುಗತ್ತಿ, ಔಷಧಿ ಹೊಡೆಯುವ ಪಂಪಿನ ವಾಷರು, ಕೊನೆ (ಅಡಿಕೆಯ ಗೊನೆ) ಇಳಿಸುವ ದೋಟಿ, ದನಕ್ಕೆ ಹಿಂಡಿ, ತೋಟಕ್ಕೆ ಪೈಪು. ಬೆಂಗಳೂರಿನಿಂದ ಎರಡು ದಿನಕ್ಕೆ ಬಂದವರು ಇವನ್ನು ಕೊಂಡು ಮಾಡುವುದೇನು? ಕೊಳ್ಳಲು ಏನೂ ಇಲ್ಲದ ಪೇಟೆಯಲ್ಲಿ ನಿಮ್ಮನ್ನು ಕೂಗಿ ಕರೆಯುವವರೂ ಇರುವುದಿಲ್ಲ. "ಬನ್ನಿ ಸಾರ್, ನೋಡಿ ಸಾರ್" ಎನ್ನುವ ಸ್ವರ ಕಿವಿಗೆ ಬೀಳದ ಒಂದು ರಸ್ತೆಯಲ್ಲಿ ಅರ್ಧ ಗಂಟೆ ನಡೆಯುವುದು ಎಂಥ ಸುಖವೆಂದು ಪ್ರವಾಸದ ಮೂರನೇ ದಿನವೇ ಗೊತ್ತಾಗಬೇಕು.

ಇಷ್ಟು ಹೇಳಿದ್ದಕ್ಕೆ ಸಾಗರ ಪೂರಾ ನಿಶ್ಶಬ್ದ ಎಂದುಕೊಳ್ಳಬೇಡಿ. ಬೆಳಿಗ್ಗೆ ಒಂಬತ್ತರಿಂದ ಹನ್ನೊಂದರವರೆಗೆ ಬಸ್ ನಿಲ್ದಾಣದ ಸುತ್ತ ಕಾಲಿಡಲು ಜಾಗವಿರುವುದಿಲ್ಲ. ಸೊರಬ, ಸಿದ್ದಾಪುರ, ಹೊಸನಗರ, ತುಮರಿ ಎಂದು ಕಂಡಕ್ಟರುಗಳ ಕೂಗು, ಶಾಲೆಯ ಮಕ್ಕಳು, ತಾಲ್ಲೂಕು ಕಚೇರಿಗೆ ಪಹಣಿ ತೆಗೆಸಲು ಬಂದವರು. ಗದ್ದಲ ಇದೆ, ಆದರೆ ಆ ಗದ್ದಲ ಊರಿನದೇ. ಮಧ್ಯಾಹ್ನ ಊಟದ ಹೊತ್ತಿಗೆ ಅದು ತಾನಾಗಿ ಇಳಿದು, ಎರಡು ಗಂಟೆಗೆ ಊರು ಎಲೆಯಡಿಕೆ ಹಾಕಿಕೊಂಡು ಕಣ್ಣು ಮುಚ್ಚುತ್ತದೆ.

ಜೋಗಕ್ಕೂ ಸಾಗರಕ್ಕೂ ಇರುವ ನಿಜವಾದ ಅಂತರ ಅಳೆಯಬೇಕಾದರೆ ಮಳೆಗಾಲದಲ್ಲಿ ಬರಬೇಕು. ಜೂನ್ 21ರ ಆಸುಪಾಸಿಗೆ ಆರಿದ್ರ ಹುಟ್ಟುತ್ತದೆ, ಅದರ ಹಿಂದೆ ಪುನರ್ವಸು, ಜುಲೈ ಇಪ್ಪತ್ತರ ಹೊತ್ತಿಗೆ ಪುಷ್ಯ. ಈ ಒಂದೂವರೆ ತಿಂಗಳು ಪ್ರವಾಸಿಗೆ ಬೇಕಾದದ್ದು ಒಂದೇ, ಧೋ ಎಂದು ಬಿಡದೆ ಸುರಿಯುವ ಮಳೆ. ಸಾಗರದವರಿಗೂ ಮಳೆ ಬೇಕು, ಆದರೆ ನಡುನಡುವೆ ಹೊಳವೂ, ಅಂದರೆ ಮಳೆ ಬಿಟ್ಟ ಬಿಡುವೂ ಬೇಕು. ಕಾರಣ ಅಡಿಕೆಗೆ ಬರುವ ಕೊಳೆರೋಗ. ಎಡೆಬಿಡದೆ ಮಳೆ ಹಿಡಿದು ಗಾಳಿಯೆಲ್ಲ ತೇವವಾದರೆ ಎಳೆ ಅಡಿಕೆಕಾಯಿಯ ತೊಟ್ಟಿನ ಬಳಿ ನೀರಿನಲ್ಲಿ ನೆನೆದಂಥ ಕಲೆ ಮೂಡುತ್ತದೆ. ವಾರದೊಳಗೆ ಕಾಯಿ ಬಣ್ಣಗೆಟ್ಟು ಉದುರುತ್ತದೆ, ಬಿದ್ದ ಕಾಯಿಯ ಮೇಲೆ ಬಿಳಿ ಬೂಸಲು. ಒಂದು ಕೊನೆಗೆ ಹತ್ತಿದ್ದು ಗಾಳಿಮಳೆಯಲ್ಲಿ ಇಡೀ ತೋಟಕ್ಕೆ ಹರಡುತ್ತದೆ. ಲಾಡ್ಜಿನ ಕಿಟಕಿಯಲ್ಲಿ ನಿಂತು "ವಾಹ್, ಎಂಥಾ ಮಳೆ!" ಎಂದರೆ ಕೆಳಗೆ ಕೊಡೆ ಹಿಡಿದು ಹೋಗುತ್ತಿರುವ ಗೌಡರೋ ಹೆಗಡೆಯವರೋ ತಲೆಯೆತ್ತಿ ನೋಡುವ ನೋಟಕ್ಕೆ ಇದು ಅರ್ಥ.

ಹಾಗಾಗಿ ಜೂನ್ ಮೊದಲ ವಾರಗಳಲ್ಲಿ ಊರಿಡೀ ಬೋರ್ಡೋ ಮಾತು. ಇದು ನೋಡಲು ಆಕಾಶದ ನೀಲಿಯ ಗಂಜಿಯಂತಿರುವ ಔಷಧಿ. ನೂರು ಲೀಟರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಲೆಕ್ಕ ಸುಲಭ, ಕೆಡುವುದೂ ಅಷ್ಟೇ ಸುಲಭ. ಐವತ್ತು ಲೀಟರು ನೀರಿನಲ್ಲಿ ಮೈಲುತುತ್ತವನ್ನು ಬೇರೆ ಕರಗಿಸಬೇಕು, ಉಳಿದ ಐವತ್ತರಲ್ಲಿ ಸುಣ್ಣವನ್ನು ಬೇರೆ ಕದಡಿ ಸೋಸಬೇಕು; ಆಮೇಲೆ ಸುಣ್ಣದ ತಿಳಿಗೆ ತುತ್ತದ ನೀರನ್ನು ನಿಧಾನ ಸುರಿಯುತ್ತ ಕೋಲಿನಿಂದ ತಿರುವಬೇಕು. ಗಡಿಬಿಡಿಯವರು ಎರಡನ್ನೂ ಒಂದೇ ಡ್ರಮ್ಮಿಗೆ ಸುರುವಿದರೆ ಔಷಧಿ ಗರಣೆಗಟ್ಟಿ ತಳ ಹಿಡಿಯುತ್ತದೆ, ಪಂಪಿನ ನಳಿಗೆ ಕಟ್ಟಿಕೊಳ್ಳುತ್ತದೆ. ಕಬ್ಬಿಣದ ಪಾತ್ರೆ ಮುಟ್ಟಿಸುವಂತಿಲ್ಲ. ಹದ ನೋಡುವ ಕ್ರಮ ಹೀಗೆ: ತಿಕ್ಕಿ ತೊಳೆದ ಕತ್ತಿಯ ಅಲಗನ್ನು ಅದರಲ್ಲಿ ಒಂದು ಗಳಿಗೆ ಅದ್ದಿ ಎತ್ತುವುದು. ಅಲಗಿನ ಮೇಲೆ ತಾಮ್ರದ ಕೆಂಪು ಹತ್ತಿದರೆ ಸುಣ್ಣ ಸಾಲದು, ಇನ್ನಷ್ಟು ಸೇರಿಸಬೇಕು. ಇಲ್ಲದಿದ್ದರೆ ಕಾಯಿಯೇ ಸುಡುತ್ತದೆ. ಮಾಡಿದ್ದನ್ನು ಅವತ್ತೇ ಹೊಡೆದು ಮುಗಿಸಬೇಕು. ಮೊದಲ ಸಲ ಮಳೆ ಹಿಡಿಯುವ ಮುಂಚೆ, ಎರಡನೆಯದು ನಲವತ್ತು ನಲವತ್ತೈದು ದಿನಕ್ಕೆ. ಆ ಎರಡನೆಯದಕ್ಕೆ ಸರಿಯಾಗಿ ಪುಷ್ಯದ ಮಳೆ ಜಡಿಯುತ್ತಿರುತ್ತದೆ. ಮರ ಪಾಚಿಗಟ್ಟಿ ಜಾರುತ್ತದೆ, ಮರ ಹತ್ತಿ ಕೊನೆ ಕೊಯ್ಯುವ ಕೊನೆಗೌಡ ಹತ್ತಲಾರ. ಹೊಳವಾದೀತೇ ಎಂದು ಊರು ಮೋಡ ನೋಡುತ್ತದೆ. ಅದೇ ಮೋಡ ನೋಡಿ ಟೆಂಪೋ ಟ್ರಾವೆಲರಿನಲ್ಲಿ ಕೂತವರು ಚಪ್ಪಾಳೆ ತಟ್ಟುತ್ತಾರೆ.

ಎರಡೂ ಕಡೆಯವರು ಒಪ್ಪುವ ಒಂದು ಸಂಖ್ಯೆಯೂ ಇದೆ: 1819. ಲಿಂಗನಮಕ್ಕಿ ಅಣೆಕಟ್ಟು ತುಂಬುವ ಮಟ್ಟ, ಅಡಿಗಳಲ್ಲಿ. ಜುಲೈ ಬಂತೆಂದರೆ ಪೇಪರಿನಲ್ಲಿ ದಿನವೂ ಈ ಲೆಕ್ಕ ನೋಡುವುದು ಸಾಗರದಲ್ಲಿ ಪಂಚಾಂಗ ನೋಡಿದಷ್ಟೇ ಸಹಜ. ಜೋಗದ ಸಂಗತಿ ಹೊರಗಿನವರಿಗೆ ತಿಳಿಯದಿರುವುದು ಇಲ್ಲಿಯೇ. ಶರಾವತಿ 253 ಮೀಟರು ಬೀಳುವುದೇನೋ ನಿಜ. ಆದರೆ 1964ರಲ್ಲಿ ಮೇಲ್ಗಡೆ ಲಿಂಗನಮಕ್ಕಿ ಕಟ್ಟಿದ ಮೇಲೆ ನದಿಯ ನೀರು ತಳಕಳಲೆಯ ದಾರಿ ಹಿಡಿದು ಕೊಳವೆಗಳೊಳಗೆ ನುಗ್ಗಿ ಕರೆಂಟಾಗುತ್ತದೆ. ಮಳೆಗಾಲದಲ್ಲಿ ಬಂಡೆಯ ಮೇಲೆ ಕಾಣುವುದು ಅಣೆಕಟ್ಟಿನ ಕೆಳಗೆ ಬಿದ್ದ ಮಳೆಯ ನೀರು. ಡ್ಯಾಮು ಭರ್ತಿಯಾಗಿ ಗೇಟು ತೆಗೆದ ವರ್ಷ ಮಾತ್ರ ರಾಜಾ, ರಾಣಿ, ರೋರರ್, ರಾಕೆಟ್ ನಾಲ್ಕೂ ಸೇರಿ ಗೋಡೆಯಾಗುತ್ತವೆ. ಜನವರಿಯಲ್ಲಿ ಬಂದು ಕರಿಬಂಡೆಯ ಮೇಲೆ ನಾಲ್ಕು ಬಿಳಿ ದಾರ ಕಂಡು ಬೇಸರಿಸಿಕೊಂಡವರು ಅವತ್ತು ರಾತ್ರಿ ತಮ್ಮ ಲಾಡ್ಜಿನ ಬಲ್ಬು ಹಾಕಿದಾಗ ಜೋಗವನ್ನು ನೋಡಿಯೇ ಇರುತ್ತಾರೆ.

ನೀರಿನ ವಿಚಾರಕ್ಕೆ ಬಂದರೆ ಸಾಗರದ್ದೊಂದು ಚೋದ್ಯವಿದೆ. ಊರಿನಿಂದ ಒಂದೆರಡು ಗಳಿಗೆ ಹೊತ್ತಿನ ದಾರಿಯಲ್ಲಿ ವರದಾಮೂಲ. ದೇವಸ್ಥಾನದ ಹೊಂಡದಲ್ಲಿ ಹುಟ್ಟುವ ವರದಾ ಉತ್ತರಕ್ಕೆ ಹರಿದು ಬನವಾಸಿಯನ್ನು ಬಳಸಿ ತುಂಗಭದ್ರೆ ಸೇರಿ, ಕೃಷ್ಣೆಯ ಜೊತೆ ಬಂಗಾಳಕೊಲ್ಲಿಗೆ ಹೋಗುತ್ತದೆ. ತಾಲ್ಲೂಕಿನ ಇನ್ನೊಂದು ಮಗ್ಗುಲಿನ ಮಳೆ ಶರಾವತಿಗೆ ಇಳಿದು, ಜೋಗ ಹಾರಿ, ಹೊನ್ನಾವರದಲ್ಲಿ ಅರಬ್ಬಿ ಸಮುದ್ರ. ಒಂದೇ ಮೋಡದ ಹನಿಗಳು ಯಾವ ದಿಬ್ಬದ ಯಾವ ಕಡೆ ಬಿದ್ದವೆಂಬುದರ ಮೇಲೆ ಬೇರೆ ಬೇರೆ ಕಡಲಿಗೆ ಪಾಲಾಗುತ್ತವೆ. ಕ್ಯಾಮೆರಾ ಹಿಡಿದವರೆಲ್ಲ ಹಾರುವ ನೀರಿನ ಹಿಂದೆ ಹೋಗುತ್ತಾರೆ. ಹೊಂಡದಲ್ಲಿ ಸದ್ದಿಲ್ಲದೆ ಜಿನುಗುವ ನೀರಿನ ಬಳಿ ಸಂಜೆ ನಾಲ್ಕಕ್ಕೆ ಹೋದರೆ ಅರ್ಚಕರು, ಎರಡು ಕಪ್ಪೆ, ನೀವು.

ಜೋಗ ನೋಡಬೇಡಿ ಎಂದು ಯಾರೂ ಹೇಳುವುದಿಲ್ಲ. ನೋಡಲೇಬೇಕು. ಆದರೆ ಸಾಗರದಲ್ಲಿ ಉಳಿದು ನೋಡುವವರ ಕ್ರಮ ಬೇರೆ. ಶನಿವಾರ, ಭಾನುವಾರ ಮತ್ತು ಗೇಟು ತೆಗೆದ ಸುದ್ದಿ ಟಿವಿಯಲ್ಲಿ ಬಂದ ಮರುದಿನ, ಈ ಮೂರನ್ನು ಬಿಟ್ಟುಬಿಡಿ. ಅಂಥ ದಿನ ಜಲಪಾತಕ್ಕಿಂತ ಮೊದಲು ಕಾರುಗಳ ಸಾಲು ಕಾಣುತ್ತದೆ. ವಾರದ ನಡುವೆ ಬೆಳಗಿನ ಬಸ್ಸು ಹಿಡಿದರೆ ಕಿಟಕಿ ಪಕ್ಕ ಸೀಟು ಸಿಗುತ್ತದೆ. ತಾಳಗುಪ್ಪ ಸುಮಾರು ಅರ್ಧ ದಾರಿ. ಅಲ್ಲಿಗೆ ರೈಲು ಹಳಿ ಮುಗಿಯುತ್ತದೆ. ಹೊನ್ನಾವರದವರೆಗೆ ಹಳಿ ಹಾಕುವ ಮಾತು ಬಹಳ ಹಳೆಯದು, ಘಟ್ಟ ಮಾತ್ರ ಇನ್ನೂ ದಾರಿ ಕೊಟ್ಟಿಲ್ಲ. ಜೋಗ ಮುಟ್ಟಿದಾಗ ಮುಂದೆ ಬರೀ ಹಾಲಿನಂಥ ಮಂಜು ಇದ್ದರೆ, ಹೆಚ್ಚಿನವರು ಮಾಡುವ ತಪ್ಪು ಹತ್ತು ನಿಮಿಷ ನಿಂತು "ಏನೂ ಕಾಣಲಿಲ್ಲ" ಎಂದು ಹೊರಟುಬಿಡುವುದು. ಕಣಿವೆಯಲ್ಲಿ ಗಾಳಿ ಒಮ್ಮೆ ಹೊರಳಿದರೆ ಸಾಕು, ಪರದೆ ಸರಿಯುತ್ತದೆ. ಒಂದು ನಿಮಿಷ ತೋರಿಸಿ ಮತ್ತೆ ಎಳೆದುಕೊಳ್ಳುತ್ತದೆ. ಒಂದೂವರೆ ಎರಡು ಗಂಟೆ ಕೈಯಲ್ಲಿ ಇಟ್ಟುಕೊಂಡು ಹೋಗಬೇಕು. ಮಂಜಿನೊಳಗಿಂದ ಬರೀ ಮೊರೆತ ಕೇಳುತ್ತ ನಿಲ್ಲುವುದೂ ನೋಡಿದ್ದಕ್ಕೇನೂ ಕಡಿಮೆಯಲ್ಲ. ಕೆಳಗಿಳಿಯುವ ಮೆಟ್ಟಿಲು ಸಾವಿರದ ನಾನೂರರಷ್ಟು. ಮಳೆಗಾಲದಲ್ಲಿ ಬಾಗಿಲು ಹಾಕಿರುತ್ತಾರೆ, ತೆರೆದಿದ್ದಾಗಲೂ ಇಳಿಯುವಾಗ ಹತ್ತುವ ಲೆಕ್ಕ ಮನಸ್ಸಿನಲ್ಲಿರಲಿ. ಹನ್ನೊಂದಕ್ಕೆ ಕಾರುಗಳು ಬರತೊಡಗಿದಾಗ ನೀವು ವಾಪಸು ಹೊರಟಿರಬೇಕು. ಊಟಕ್ಕೆ ಸಾಗರ.

ಊಟ ಎಂದಾಗ ಇಲ್ಲಿ ಮೊದಲು ನೆನಪಾಗಬೇಕಾದ್ದು ತಂಬುಳಿ. ಹೋಟೆಲಿನಲ್ಲಿ ಕೆಲವೊಮ್ಮೆ, ಹಳ್ಳಿಯ ಹೋಮ್‌ಸ್ಟೇಗಳಲ್ಲಿ ಖಂಡಿತ ಸಿಗುತ್ತದೆ. ನಾಲ್ಕು ಜನಕ್ಕೆ ಒಂದು ಹಿಡಿ ಒಂದೆಲಗ, ಅರ್ಧ ಚಮಚ ಜೀರಿಗೆ, ಐದಾರು ಕಾಳುಮೆಣಸು. ಮೂರನ್ನೂ ತುಪ್ಪದಲ್ಲಿ ಬಾಡಿಸಿ, ಕಾಲು ಕಪ್ ಕಾಯಿತುರಿಯೊಂದಿಗೆ ನುಣ್ಣಗೆ ರುಬ್ಬಿ, ಎರಡು ಕಪ್ ಸಿಹಿ ಮಜ್ಜಿಗೆಗೆ ಕದಡಿ, ಉಪ್ಪು ಹಾಕಿ ಒಗ್ಗರಣೆ ಕೊಟ್ಟರೆ ಮುಗಿಯಿತು. ಕೆಡುವುದು ಮೂರು ಕಡೆ. ಮಜ್ಜಿಗೆ ಹುಳಿ ಬಂದಿದ್ದರೆ ಸೊಪ್ಪಿನ ಪರಿಮಳ ಸತ್ತುಹೋಗುತ್ತದೆ. ಕಾಯಿ ಹೆಚ್ಚಾದರೆ ಚಟ್ನಿಯ ತಮ್ಮನಾಗುತ್ತದೆ. ತಣ್ಣಗಿದೆಯೆಂದು ಒಲೆಗಿಟ್ಟರೆ ಒಡೆದು ನೀರು ಬೇರೆ, ಗಸಿ ಬೇರೆ. ಹೆಸರಲ್ಲೇ ತಂಪು ಇಟ್ಟುಕೊಂಡಿರುವುದನ್ನು ಬಿಸಿ ಮಾಡಿಕೊಡಿ ಎಂದು ಕೇಳುವವರೂ ಇದ್ದಾರೆ. ಅಂಥವರಿಗೆ ಸಾರು ಬಡಿಸುತ್ತಾರೆ.

ಫೆಬ್ರವರಿ ಮಾರ್ಚಿನಲ್ಲಿ ಬಂದರೆ ಪೇಟೆಯಲ್ಲಿ ಅಪ್ಪೆಮಿಡಿಯ, ಅಂದರೆ ಉಪ್ಪಿನಕಾಯಿಗೆ ಹಾಕುವ ಎಳೆ ಮಾವಿನಕಾಯಿಯ ಗದ್ದಲ. ಇದನ್ನು ತೂಕಕ್ಕೆ ಮಾರುವುದಿಲ್ಲ, ಎಣಿಸಿ ನೂರರ ಲೆಕ್ಕದಲ್ಲಿ. ಕೊಳ್ಳುವವರ ಚೌಕಾಸಿ ನೋಡಿದರೆ ಹೆಣ್ಣು ನೋಡಲು ಬಂದವರೂ ನಾಚಬೇಕು. ತೊಟ್ಟು ಇದೆಯೇ, ಸೊನೆ ಉಳಿದಿದೆಯೇ, ತೊಟ್ಟು ಮುರಿದು ಮೂಸಿದರೆ ಜೀರಿಗೆಯ ವಾಸನೆಯೋ ಕರ್ಪೂರದ್ದೋ, ಮರದಿಂದ ಕೈಯಲ್ಲಿ ಕೊಯ್ದದ್ದೋ ಉದುರಿಸಿದ್ದೋ. ಈ ಕೊನೆಯದೇ ಮುಖ್ಯ. ನೆಲಕ್ಕೆ ಬಿದ್ದ ಮಿಡಿಗೆ ಮೇಲ್ನೋಟಕ್ಕೆ ಏನೂ ಆಗಿರುವುದಿಲ್ಲ, ಒಳಗೆ ಪೆಟ್ಟಾಗಿರುತ್ತದೆ. ಭರಣಿಯಲ್ಲಿ ಅಂಥದ್ದೊಂದು ಮೆತ್ತಗಾಗಿ ಕೊಳೆತರೆ ಉಳಿದ ತೊಂಬತ್ತೊಂಬತ್ತನ್ನೂ ಕರೆದುಕೊಂಡು ಹೋಗುತ್ತದೆ. ಮಿಡಿಯ ತೂಕದ ಕಾಲುಭಾಗದಷ್ಟು ಹರಳುಪ್ಪು, ಒಂದು ಪದರ ಮಿಡಿ ಒಂದು ಪದರ ಉಪ್ಪು, ಮೇಲೊಂದು ಭಾರ. ನೀರು ಸೋಕಬಾರದು. ಹತ್ತು ಹದಿನೈದು ದಿನಕ್ಕೆ ಮಿಡಿ ಚಿರುಟಿ ತನ್ನದೇ ನೀರು ಬಿಟ್ಟುಕೊಂಡಿರುತ್ತದೆ. ಆ ಉಪ್ಪುನೀರನ್ನು ಕಾಯಿಸಿ ಆರಿಸಿ ಸಾಸಿವೆ, ಮೆಣಸು ಅರೆಯಲು ಬಳಸುತ್ತಾರೆ. ಪ್ರವಾಸಿಗಳಿಗೆ ಬೇಕಾದ ಒಂದೇ ವಸ್ತು ಈ ಪೇಟೆಯಲ್ಲಿದ್ದರೆ ಅದು ಇದು, ಆದರೆ ಅವರು ಬರುವ ಆಗಸ್ಟಿನಲ್ಲಿ ಮಿಡಿ ಮನೆಮನೆಯ ಭರಣಿ ಸೇರಿ ಬಾಯಿಗೆ ಬಟ್ಟೆ ಕಟ್ಟಿಸಿಕೊಂಡಿರುತ್ತದೆ.

ಆಲೆಮನೆಯ ದಿನಗಳೂ ಅದೇ ಹೊತ್ತಿನವು. ಕಬ್ಬಿನಹಾಲು ಕಾಯುವ ವಾಸನೆ ಹಿಡಿದು ಹೋದರೆ ಜೋನಿಬೆಲ್ಲ ಸಿಗುತ್ತದೆ, ಅದೃಷ್ಟವಿದ್ದರೆ ತೊಡೆದೇವು. ನೆನೆಸಿದ ಅಕ್ಕಿಯನ್ನು ಕಬ್ಬಿನಹಾಲಿನಲ್ಲಿ ನುಣ್ಣಗೆ ರುಬ್ಬಿ ನೀರಾಗಿಸಿ, ಒಲೆಯ ಮೇಲೆ ಬೋರಲು ಹಾಕಿದ ಮಡಕೆಯ ಬೆನ್ನಿಗೆ, ಕೋಲಿಗೆ ಸುತ್ತಿದ ಬಟ್ಟೆಯಿಂದ ಒಂದೇ ಎಳೆತಕ್ಕೆ ತೊಡೆಯುತ್ತಾರೆ. ಎಂಟು ಹತ್ತು ಎಣಿಸುವುದರೊಳಗೆ ಅಂಚು ಏಳುತ್ತದೆ. ಬಿಡಿಸಿ ಬಿಸಿಯಲ್ಲೇ ಮಡಚಬೇಕು. ಎರಡು ಉಸಿರು ತಡವಾದರೆ ಹಪ್ಪಳದಂತೆ ಮುರಿಯುತ್ತದೆ. ಮಡಕೆ ಕಾಯದಿದ್ದರೆ ಹಿಟ್ಟು ಅಂಟುತ್ತದೆ, ಅತಿ ಕಾದರೆ ಹಿಡಿಯುವುದೇ ಇಲ್ಲ. ಮೊದಲ ನಾಲ್ಕೈದು ಎಲ್ಲರ ಕೈಯಲ್ಲೂ ಹಾಳಾಗುತ್ತವೆ. ಅವು ಒಲೆಯ ಸುತ್ತ ಕೂತ ಮಕ್ಕಳ ಹಕ್ಕು.

ನವೆಂಬರಿನಿಂದ ಜನವರಿಯವರೆಗೆ ಇಡೀ ಸೀಮೆಗೆ ಬೇರೆಯದೇ ವಾಸನೆ. ಕೊನೆಗೌಡ ಇಳಿಸಿದ ಹಸಿ ಅಡಿಕೆಯನ್ನು ಸುಲಿದು, ಚೊಗರು (ಹಿಂದಿನ ಸಲ ಅಡಿಕೆ ಬೇಯಿಸಿ ಉಳಿದ ಕೆಂಪು ಸಾರ) ಸೇರಿಸಿದ ನೀರಿನಲ್ಲಿ ಹಂಡೆಗಟ್ಟಲೆ ಬೇಯಿಸುತ್ತಾರೆ. ಆ ಒಗರು ಹಬೆ ಒಮ್ಮೆ ಮೂಗಿಗೆ ಹತ್ತಿದರೆ ಮರೆಯುವಂಥದ್ದಲ್ಲ. ಬೆಂದದ್ದು ಅಟ್ಟ ಏರಿ ಬಿಸಿಲಿಗೆ ಹರವಿಕೊಂಡು ಕೆಂಪಡಿಕೆಯಾಗುತ್ತದೆ. ಹಣ್ಣಡಿಕೆಯನ್ನು ಸಿಪ್ಪೆ ಸಮೇತ ನಲವತ್ತು ನಲವತ್ತೈದು ದಿನ ಒಣಗಿಸಿ ಸುಲಿದರೆ ಚಾಲಿ. ಎಪಿಎಂಸಿಯ ಧಾರಣೆ ಪಟ್ಟಿ ಓದಿದರೆ ಯಾವುದೋ ಬಯಲಾಟದ ಪಾತ್ರವರ್ಗ ಓದಿದಂತಿರುತ್ತದೆ: ರಾಶಿ, ಚಾಲಿ, ಕೋಕ, ಬಿಳೆಗೋಟು, ಕೆಂಪುಗೋಟು, ಸಿಪ್ಪೆಗೋಟು. ಆ ದಿನ ರಾಶಿಗೆ ಎಷ್ಟಾಯಿತೆಂಬುದರ ಮೇಲೆ ಊರಿನ ಬಟ್ಟೆ ಅಂಗಡಿಯವರ ಮುಖವೂ, ಬಂಗಾರದ ಅಂಗಡಿಯವರ ಮುಖವೂ ನಿಂತಿರುತ್ತದೆ. ಜೋಗದಲ್ಲಿ ನೀರು ಎಷ್ಟಿದೆ ಎಂಬುದರಿಂದ ಅವರ ಮುಖ ಬದಲಾಗುವುದಿಲ್ಲ. ಸಾಗರಕ್ಕೆ ಪ್ರವಾಸಿ ಬಂದರೆ ಸಂತೋಷ, ಬಾರದಿದ್ದರೆ ಊಟ ತಪ್ಪುವುದಿಲ್ಲ. ಬಂದವರನ್ನು ಗಿರಾಕಿಯಂತೆ ನೋಡದೆ ನೆಂಟರ ಮನೆಗೆ ದಾರಿ ತಪ್ಪಿ ಬಂದವರಂತೆ ನೋಡುವ ಬಿಡುಬೀಸು ಈ ಊರಿಗೆ ಬಂದಿರುವುದು ಅಡಿಕೆಯಿಂದ.

ಮರ ಕೆತ್ತುವ ಗುಡಿಗಾರರ ಕೆಲಸ ನೋಡಲು ಒಂದು ಮಧ್ಯಾಹ್ನ ಇಡಬಹುದು. ಗಂಧದ ಕೆತ್ತನೆಗೆ ಸಾಗರ, ಸೊರಬ ಹಳೆಯ ಹೆಸರು. ಗಂಧ ಈಗ ಬೆಲೆಗೂ ಸಿಗದಷ್ಟಾದ್ದರಿಂದ ಹೆಚ್ಚಿನ ಕೆತ್ತನೆ ಶಿವಣೆಯಂಥ ಮರದಲ್ಲಿ ನಡೆಯುತ್ತದೆ. ಕೊಳ್ಳುವವರು ಒಂದು ತಿಳಿದಿರಲಿ: ಗಂಧದ ಪರಿಮಳವೆಲ್ಲ ಒಳತಿರುಳಿನದು. ಮೇಲೆ ಎಣ್ಣೆ ಸವರಿದ ಬೇರೆ ಮರ ಅಂಗಡಿಯಲ್ಲಿ ಘಮಘಮಿಸಿ, ಊರು ಮುಟ್ಟುವ ಹೊತ್ತಿಗೆ ಸುಮ್ಮನಾಗುತ್ತದೆ. ಕಣ್ಣಿಗೆ ಕಾಣದ ಕಡೆ, ತಳದಲ್ಲಿ ತುಸು ಕೆರೆದು ಮೂಸಬೇಕು. ಇದೇ ಗುಡಿಗಾರರು ಬೆಂಡಿನಲ್ಲಿ ಮಾಡುವ ಬಾಸಿಂಗಕ್ಕೆ ಮಾತ್ರ ಯಾವ ನಕಲಿಯ ಹೆದರಿಕೆಯೂ ಇಲ್ಲ. ಹತ್ತು ಕಿಲೋಮೀಟರಿನೊಳಗೆ ಇಕ್ಕೇರಿಯ ಅಘೋರೇಶ್ವರ, ಕೆಳದಿಯ ರಾಮೇಶ್ವರ. ಕೆಳದಿಯಲ್ಲಿ ತಲೆಯೆತ್ತಿ ನೋಡಿದರೆ ಮಾಳಿಗೆಯಲ್ಲಿ ಗಂಡಭೇರುಂಡ. ಹೆಗ್ಗೋಡಿನಲ್ಲಿ 1949ರಲ್ಲಿ ಹುಟ್ಟಿದ ನಾಟಕ ಸಂಸ್ಥೆ ನೀನಾಸಂ ಇದೆ. ಅದನ್ನು ಕಟ್ಟಿ ಬೆಳೆಸಿದ ಕೆ.ವಿ. ಸುಬ್ಬಣ್ಣನವರಿಗೆ 1991ರಲ್ಲಿ ಮ್ಯಾಗ್ಸೆಸೆ ಬಂತು. ಆದ್ದರಿಂದ ಅಡಿಕೆ ಮಂಡಿಯಲ್ಲಿ ಕೂತವರು ಶೇಕ್ಸ್‌ಪಿಯರನ ನಾಟಕದಲ್ಲಿ ರಾಜನ ಪಾತ್ರದವನ ಧ್ವನಿ ಹಿಂದಿನ ಸಾಲಿಗೆ ಮುಟ್ಟಲಿಲ್ಲವೆಂದು ತಕರಾರು ತೆಗೆದರೆ ಬೆಚ್ಚಬೇಕಾಗಿಲ್ಲ. ಯಕ್ಷಗಾನದ ಬಗ್ಗೆ ಮಾತ್ರ ಅವರೆದುರು ಬಾಯಿ ತೆರೆಯದಿರುವುದು ಕ್ಷೇಮ.

ಇಷ್ಟೆಲ್ಲ ಹೊಗಳಿದ ಮೇಲೆ ತೊಂದರೆಗಳನ್ನು ಬಚ್ಚಿಡುವುದು ತರವಲ್ಲ. ಮಳೆಗಾಲದಲ್ಲಿ ಬಟ್ಟೆ ಒಣಗುವುದಿಲ್ಲ, ಮೂರು ದಿನವಾದರೂ. ಜೀನ್ಸ್ ತರಬೇಡಿ, ಶೂ ಒಮ್ಮೆ ನೆನೆದರೆ ಊರಿಗೆ ಹಸಿಯಾಗಿಯೇ ಮರಳುತ್ತದೆ, ಪಟ್ಟಿಯ ಚಪ್ಪಲಿ ಸಾಕು. ರೂಮು ಹಿಡಿಯುವ ಮುನ್ನ ಎರಡು ಪ್ರಶ್ನೆ ಕೇಳಬೇಕು. ಮಾಡು ತಗಡಿನದೇ? ಹೌದಾದರೆ ಮಳೆಯ ರಾತ್ರಿ ತಲೆಯ ಮೇಲೆ ಚಂಡೆ. ಬಿಸಿನೀರು ಸೋಲಾರಿನದೇ? ಹೌದಾದರೆ ಆಷಾಢದಲ್ಲಿ ಅದು ಬಿಸಿಯ ಭರವಸೆ ಮಾತ್ರ. ಹಂಡೆಯ ಒಲೆ ಇರುವ ಮನೆ ಮೇಲು. ಗಾಳಿಗೆ ಮರ ಬಿದ್ದು ಕರೆಂಟು ಹೋಗುತ್ತದೆ. ಇಷ್ಟು ಕರೆಂಟು ಹುಟ್ಟುವ ತಾಲ್ಲೂಕಿನಲ್ಲಿ ಮೇಣದಬತ್ತಿ ಹುಡುಕುವ ಸುಖವನ್ನು ಇಲ್ಲಿಯವರು ನಗುತ್ತಲೇ ವಿವರಿಸುತ್ತಾರೆ. ತೋಟಕ್ಕೆ ಕಾಲಿಟ್ಟರೆ ಉಂಬಳ, ಅಂದರೆ ನೆಲದ ಜಿಗಣೆ. ಕಿತ್ತು ಎಳೆಯಬಾರದು, ಚೂರು ಉಪ್ಪೋ ಸುಣ್ಣವೋ ಮುಟ್ಟಿಸಿದರೆ ತಾನೇ ಬಿಡುತ್ತದೆ. ಆಮೇಲೂ ಸ್ವಲ್ಪ ಹೊತ್ತು ರಕ್ತ ಒಸರುತ್ತದೆ, ಹೆದರುವುದೇನಿಲ್ಲ, ರಕ್ತ ಹೆಪ್ಪುಗಟ್ಟದಂತೆ ಅದು ಏನನ್ನೋ ಬಿಟ್ಟು ಹೋಗಿರುತ್ತದೆ.

ಇನ್ನೊಂದು, ಮಾರಿಕಾಂಬಾ ಜಾತ್ರೆ. 2020, 2023 ಹೀಗೆ ಮೂರು ವರ್ಷಕ್ಕೊಮ್ಮೆ ಫೆಬ್ರವರಿಯಲ್ಲಿ ನಡೆಯುತ್ತದೆ. ಅಮ್ಮನಿಗೆ ಊರಲ್ಲಿ ಎರಡು ಗುಡಿ, ಒಂದು ತವರುಮನೆ, ಇನ್ನೊಂದು ಗಂಡನಮನೆ. ಆ ಒಂಬತ್ತು ದಿನ ಸಾಗರದ ಶಾಂತಿಯನ್ನು ಯಾರೂ ಹುಡುಕಬಾರದು. ಲಾಡ್ಜು ಬಿಡಿ, ಪರಿಚಯದವರ ಜಗುಲಿಯೂ ಖಾಲಿ ಇರುವುದಿಲ್ಲ. ಜೋಗದ ಇಡೀ ಹಂಗಾಮಿನ ಜನ ಅಲುಗಾಡಿಸಲಾರದ ಊರನ್ನು ಸ್ವಂತ ಮಗಳು ಒಂಬತ್ತೇ ದಿನದಲ್ಲಿ ತಲೆಕೆಳಗು ಮಾಡುತ್ತಾಳೆ.

ಚೌಡೇಶ್ವರಿಯ ಕ್ಷೇತ್ರವಾದ ಸಿಗಂದೂರಿನ ಕತೆ ಈಚೆಗೆ ಬದಲಾಗಿದೆ. ಮೊದಲು ಹೊಳೆಬಾಗಿಲಿನಲ್ಲಿ ಲಾಂಚಿಗೆ ಕಾಯಬೇಕಿತ್ತು; ಕಾದು ಸಾಕಾಗಿ ಸಾಗರಕ್ಕೆ ಮರಳಿ ಒಂದು ರಾತ್ರಿ ಉಳಿಯುತ್ತಿದ್ದವರೂ ಇದ್ದರು. 2025ರ ಜುಲೈನಲ್ಲಿ 2.44 ಕಿಲೋಮೀಟರಿನ ಸೇತುವೆ ತೆರೆಯಿತು. ಲಿಂಗನಮಕ್ಕಿಯ ಹಿನ್ನೀರಿನಾಚೆ ದಶಕಗಟ್ಟಲೆ ದ್ವೀಪವಾಸಿಗಳಂತಿದ್ದ ತುಮರಿ ಕಡೆಯವರಿಗೆ, ರಾತ್ರಿ ಹೆರಿಗೆ ನೋವು ಬಂದರೆ ಲಾಂಚಿನವರನ್ನು ಎಬ್ಬಿಸಬೇಕಾಗಿದ್ದವರಿಗೆ, ಅದು ಎಂದೋ ಆಗಬೇಕಿತ್ತು. ಪ್ರವಾಸಿಗಳು ಈಗ ಬೆಳಿಗ್ಗೆ ಜೋಗ, ಮಧ್ಯಾಹ್ನ ಸಿಗಂದೂರು, ಸಂಜೆ ಕೊಲ್ಲೂರು ಎಂದು ಲೆಕ್ಕ ಹಾಕುತ್ತಾರೆ. ಸಾಗರ ಆ ಲೆಕ್ಕದಲ್ಲಿ ಪೆಟ್ರೋಲ್ ಬಂಕಾಗಿ ಬರುತ್ತದೆ. ಊರಿಗೆ ಇದರಿಂದ ಬೇಸರವಾದಂತೆ ಕಾಣುವುದಿಲ್ಲ.

ರಾತ್ರಿಯ ಮೈಸೂರು ರೈಲು ತಾಳಗುಪ್ಪದಿಂದ ಹೊರಟು ಸಾಗರ ಜಂಬಗಾರಿಗೆ ಬರುವ ಮುಂಚೆ ಪ್ಲಾಟ್‌ಫಾರಂ ಮೇಲೆ ಎರಡು ಬಗೆಯ ಸಾಮಾನು ನಿಂತಿರುತ್ತದೆ. ಒಂದು ಕಡೆ ಒದ್ದೆ ಶೂಗಳನ್ನು ಹೊರಗೆ ಕಟ್ಟಿಕೊಂಡ ಬೆನ್ನುಚೀಲಗಳು. ಇನ್ನೊಂದು ಕಡೆ ಬೆಂಗಳೂರಿನಲ್ಲಿರುವ ಮಗನ ಮನೆಗೆ ಹೊರಟ ರಟ್ಟಿನ ಪೆಟ್ಟಿಗೆ: ಹಗ್ಗ ಬಿಗಿದು, ಮೂಲೆಗೆ ಹಳೇ ಸೀರೆಯ ತುಂಡು ತುರುಕಿ, ಮೇಲೆ ದಪ್ಪಕ್ಷರದಲ್ಲಿ 'ಮಿಡಿ, ಅಡ್ಡ ಹಾಕಬೇಡಿ' ಎಂದು ಬರೆದದ್ದು. ಚೀಲದವರು ಜರುಗಿ ಪೆಟ್ಟಿಗೆಗೆ ಜಾಗ ಮಾಡಿಕೊಡುತ್ತಾರೆ. ಪೆಟ್ಟಿಗೆಯ ಯಜಮಾನರು ಮಾತಿಗೆ ಕೇಳುತ್ತಾರೆ, "ಜೋಗದಲ್ಲಿ ಈ ಸಲ ನೀರು ಹ್ಯಾಂಗಿದ್ದು? ನಾವು ಹೋಗದೇ ನಾಕೈದು ವರ್ಷ ಆತು."